ಶಾಲಾ ವಾರ್ಷಿಕೋತ್ಸವಕ್ಕೆ ಹಾಡುನಾಟಕ ಬರಲಿ



ತಮಿಳುನಾಡಿನ ಹೊಸೂರು ಸುತ್ತಲಿನ ಶಾಲೆಗಳ ವಾರ್ಷಿಕೋತ್ಸವವೆಂದರೆ ಸಿನಿಮಾ ಹಾಡು ಹಾಕಿ ಮಕ್ಕಳನ್ನು ಕುಣಿಸುವುದೇ ಹೆಚ್ಚು. ಮಕ್ಕಳೇ ಹಾಡಿ ಆಡಬಹುದಾದ ನಾಟಕಗಳಿಗೆ ಕನ್ನಡದಲ್ಲಿ ಬರವಿಲ್ಲ. ಟ್ಯಾಗೋರರ ಕಥೆಯಿಂದ ಬಿ.ವಿ. ಕಾರಂತರು ರೂಪಿಸಿದ ‘ಪಂಜರಶಾಲೆ’, ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಆಧರಿಸಿ ವೈದೇಹಿ ಬರೆದ ‘ಧಾಂ ಧೂಂ ಸುಂಟರಗಾಳಿ’ ಇವೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಂಗಕ್ಕೆ ತಂದರೆ ಇಲಿಗಳಾಗಿ, ಊರವರಾಗಿ ಇಡೀ ತರಗತಿಗೇ ಪಾತ್ರ ಸಿಗುತ್ತದೆ. ಒಂದು ಹಾರ್ಮೋನಿಯಂ, ಒಂದು ಢೋಲಕ್ ಸಾಕು. ಶ್ರುತಿ ಮಾತ್ರ ಮಕ್ಕಳ ಕಂಠಕ್ಕೆ ಒಗ್ಗಬೇಕು. 2006ರ ಕಾಯ್ದೆಯಿಂದ ತಮಿಳು ಕಲಿಕೆ ಕಡ್ಡಾಯವಾಗಿರುವ ಈ ಗಡಿಭಾಗದಲ್ಲಿ, ಮನೆಯಲ್ಲಿ ಕನ್ನಡ ಆಡಿದರೂ ಓದಲು ತಡವರಿಸುವ ಮಕ್ಕಳಿಗೆ ಹಾಡಿನ ಕನ್ನಡ ಬೇಗ ದಕ್ಕುತ್ತದೆ. ಬೆಂಗಳೂರಿನ ರಂಗತಂಡಗಳು ಬೇಸಿಗೆ ರಜೆಯಲ್ಲಿ ಇಲ್ಲಿಗೂ ಬಂದು ಶಿಕ್ಷಕರಿಗೆ ತರಬೇತಿ ಕೊಡಲಿ.

– ಪೋಷಕರೊಬ್ಬರು, ಮತ್ತಿಗಿರಿ