ಆದಿಪುರಾಣದ ಎರಡು ವಿಜಯಾರ್ಧಗಳು

ಪಂಪನ ಆದಿಪುರಾಣದ ಪಾಠ ನಡೆಯುವ ಕಡೆಗಳಲ್ಲೆಲ್ಲ ಒಂದು ಆಕ್ಷೇಪ ಮತ್ತೆ ಮತ್ತೆ ತಲೆಯೆತ್ತುತ್ತದೆ. ವೃಷಭನಾಥನೇ ಆದಿತೀರ್ಥಂಕರನಾದರೆ, ಅವನ ಹಿಂದಿನ ಭವದಲ್ಲಿ ವಿಜಯಾರ್ಧದ ಅರಸನಾಗಿದ್ದ ಮಹಾಬಲನಿಗೆ ಮಂತ್ರಿ ಸ್ವಯಂಬುದ್ಧನು ಜಿನಧರ್ಮವನ್ನು ಬೋಧಿಸಿದ್ದು ಹೇಗೆ? ಮುಂದೆ ಅದೇ ವಿಜಯಾರ್ಧವನ್ನು ನಮಿ ವಿನಮಿಗಳು ಪಡೆಯುತ್ತಾರೆ, ಭರತನ ಸೇನೆ ಅದೇ ಗಿರಿಯ ಗುಹೆಯನ್ನು ಹೊಕ್ಕು ಸಾಗುತ್ತದೆ. ಅಲ್ಲಿ ಮಹಾಬಲನ ಅಲಕಾಪುರದ ಸುಳಿವೇ ಇಲ್ಲವಲ್ಲ? ಈ ಪ್ರಶ್ನೆಗೆ ಸಿಗುವ ಸಿದ್ಧ ಉತ್ತರವೆಂದರೆ 'ಪುರಾಣಗಳಲ್ಲಿ ಇಂಥ ವಿರೋಧಾಭಾಸಗಳು ಸಹಜ' ಎಂಬುದು. ಈ ಉತ್ತರವನ್ನು ನಾನು ಒಪ್ಪಲಾರೆ. ಅದು ಉತ್ತರವಲ್ಲ, ಓದದಿರುವುದಕ್ಕೆ ಕೊಟ್ಟ ಗೌರವದ ಹೆಸರು.

ಆ ಎರಡು ವಿಜಯಾರ್ಧಗಳು ಒಂದೇ ಗಿರಿಯಲ್ಲ. ಮಹಾಬಲನದು ಪಶ್ಚಿಮವಿದೇಹದ ಗಂಧಿಲ ದೇಶದ ನಡುವಿನದು. ನಮಿ ವಿನಮಿಗಳದು ಭರತಕ್ಷೇತ್ರದ ನಡುವಿನದು. ಇವೆರಡರ ನಡುವೆ ನಿಷಧವೂ ಸೇರಿ ಮೂರು ಕುಲಪರ್ವತಗಳಿವೆ. ವಿದೇಹದಲ್ಲಿ ಷಟ್ಕಾಲಗಳ ಪರಿವರ್ತನೆಯಿಲ್ಲ. ತೀರ್ಥಂಕರರ ವಿಹಾರ ಅಲ್ಲಿ ಎಂದಿಗೂ ನಿಲ್ಲದು. ಸ್ವಯಂಬುದ್ಧನು ಮೇರುವಿನ ಚೈತ್ಯಾಲಯದಲ್ಲಿ ಕಂಡ ಆದಿತ್ಯಗತಿ, ಅರಿಂಜಯರೆಂಬ ಚಾರಣಮುನಿಗಳು ಯುಗಂಧರ ತೀರ್ಥಂಕರರ ಸಭೆಯಿಂದ ಬಂದವರು. ಮಹಾಬಲನು ಹತ್ತನೆಯ ಭವದಲ್ಲಿ ಭರತಕ್ಷೇತ್ರದ ಮೊದಲ ತೀರ್ಥಂಕರನಾಗುವನೆಂದು ಅವರು ತಿಳಿಸುವಾಗ 'ಭರತಕ್ಷೇತ್ರದ' ಎಂಬ ಮಾತಿನಲ್ಲೇ ಎಲ್ಲವೂ ಇದೆ. ಧರ್ಮ ನಿತ್ಯವಾಗಿರುವ ನೆಲದಿಂದ, ಭೋಗಭೂಮಿ ಅಳಿದು ಎಲ್ಲವನ್ನೂ ಮೊದಲಿಂದ ಕಲಿಸಬೇಕಾದ ನೆಲಕ್ಕೆ ಒಂದು ಜೀವ ಬರುವ ದೀರ್ಘ ಪಯಣವೇ ಭವಾವಳಿಯ ಕಥೆ. ಎರಡು ಗಿರಿಗಳನ್ನು ಒಂದಾಗಿಸಿದವನು ಕಾವ್ಯದ ಆ ಪಯಣವನ್ನೇ ಅಳಿಸಿಹಾಕಿದಂತಾಯಿತು.

ಹೆಸರಿನ ಪುನರಾವೃತ್ತಿ ಕಲ್ಪನೆಯ ಬಡತನದ ಗುರುತು ಎಂದು ಮೂಗು ಮುರಿಯುವವರು ಲೋಕಾನುಯೋಗದ ಗ್ರಂಥಗಳನ್ನು ಒಮ್ಮೆ ತೆರೆಯಲಿ. ಜಂಬೂದ್ವೀಪದಲ್ಲಿ ವಿಜಯಾರ್ಧಗಳು 34: ಭರತ, ಐರಾವತಗಳಲ್ಲಿ ಒಂದೊಂದು, ವಿದೇಹದಲ್ಲಿ 32. ಪ್ರತಿಯೊಂದಕ್ಕೂ ಒಂಬತ್ತು ಕೂಟಗಳು, ಪ್ರತಿಯೊಂದರಲ್ಲೂ ಸಿದ್ಧಾಯತನವೆಂಬ ಕೂಟವೊಂದು. ಹಿಮವಂತ ಮೊದಲಾದ ಆರು ಕುಲಪರ್ವತಗಳಲ್ಲೂ ಅದೇ ಹೆಸರಿನ ಕೂಟವಿದೆ. ಇಷ್ಟನ್ನೇ ಕೂಡಿದರೂ ಒಂದೇ ದ್ವೀಪದಲ್ಲಿ ಸಿದ್ಧಾಯತನವೆಂಬ ಶಿಖರಗಳು 40. ವಕ್ಷಾರ, ಗಜದಂತಗಳ ಲೆಕ್ಕ ಬೇರೆ. ಹೈಮವತ ಕೂಟ ಹಿಮವಂತದಲ್ಲೂ ಇದೆ, ಮಹಾಹಿಮವಂತದಲ್ಲೂ ಇದೆ. ಏಕೆಂದರೆ ಹೈಮವತ ಕ್ಷೇತ್ರ ಆ ಎರಡು ಪರ್ವತಗಳ ನಡುವಿನದು. ಇದನ್ನು ಲಿಪಿಕಾರನ ಪ್ರಮಾದವೆನ್ನಬೇಕೆ? ಇಲ್ಲಿ ಶಿಖರದ ಹೆಸರು ಆ ಶಿಖರದ ಸ್ಥಾನವನ್ನು ಹೇಳುತ್ತಿದೆ. ಜಿನಭವನವಿರುವ ಕೂಟ ಎಲ್ಲಿದ್ದರೂ ಸಿದ್ಧಾಯತನವೇ.

ಲೌಕಿಕದಲ್ಲಿ ಈ ಗೊಂದಲ ಯಾರಿಗೂ ಇಲ್ಲವೆಂಬುದೇ ವಿಚಿತ್ರ. ಬೆಳ್ಗೊಳದಲ್ಲಿ ದೊಡ್ಡಬೆಟ್ಟವಿದೆ, 2637 ಮೀಟರ್ ಎತ್ತರದ ದೊಡ್ಡಬೆಟ್ಟ ನೀಲಗಿರಿಯಲ್ಲಿದೆ. ಗೊಮ್ಮಟನನ್ನು ಹುಡುಕಿಕೊಂಡು ಉದಕಮಂಡಲದ ಬಸ್ಸು ಹತ್ತಿದವರನ್ನು ನಾನಂತೂ ಕಂಡಿಲ್ಲ. ಕೊಡಗೊಂದರಲ್ಲೇ ತಲಕಾವೇರಿಯ ಬ್ರಹ್ಮಗಿರಿ ಒಂದು, ಇರ್ಪಿನ ಮೇಲೆ ವಯನಾಡಿನ ಗಡಿಯಲ್ಲಿ ನಿಂತ ಬ್ರಹ್ಮಗಿರಿ ಇನ್ನೊಂದು. ನೆಲದ ಮೇಲಿನ ಬೆಟ್ಟಕ್ಕೆ ತೋರುವ ಈ ವಿವೇಕವನ್ನು ಕಾವ್ಯದ ಬೆಟ್ಟಕ್ಕೆ ತೋರದಿರುವುದು ಏಕೆ?

ಪದಕೋಶಗಳ ಪಾಲೂ ಇದರಲ್ಲಿದೆ. 'ವಿಜಯಾರ್ಧ: ಒಂದು ಪರ್ವತ' ಎಂಬ ಅರ್ಥವಿವರಣೆ ವಿದ್ಯಾರ್ಥಿಯ ದಾರಿ ತಪ್ಪಿಸಲು ಸಾಕು, ಅಲ್ಲಿನ 'ಒಂದು' ಎಂಬುದೇ ತಪ್ಪು. ವಿಜಯಾರ್ಧವನ್ನು ವಿಂಧ್ಯವೆಂದೋ ಹಿಮಾಲಯದ ತಪ್ಪಲೆಂದೋ ಗುರುತಿಸಹೊರಡುವ ಸಂಶೋಧನೋತ್ಸಾಹ ಇನ್ನೂ ಅಪಾಯಕರ. ಭರತಕ್ಷೇತ್ರದ ಗಿರಿಗೆ ಹಾಗೆ ಭೂಪಟದಲ್ಲಿ ಜಾಗ ಕೊಟ್ಟವರು ಉಳಿದ 33ಕ್ಕೆ ಎಲ್ಲಿ ಜಾಗ ಕೊಡುತ್ತಾರೆ?

ಲೋಕವಿಭಾಗ ಶ್ರದ್ಧಾಳುಗಳಿಗೆ, ನಮಗೆ ಕಾವ್ಯ ಸಾಕು ಎನ್ನುವವರಿದ್ದಾರೆ. ಶ್ರದ್ಧೆಯ ಪ್ರಶ್ನೆಯೇ ಇಲ್ಲಿಲ್ಲ. ಜಂಬೂದ್ವೀಪವನ್ನು ಯಾರೂ ನಂಬಬೇಕಾಗಿಲ್ಲ, ಕವಿ ಅದನ್ನು ಬಲ್ಲವನಾಗಿದ್ದನೆಂಬುದನ್ನು ಮರೆಯದಿದ್ದರೆ ಸಾಕು. ದ್ವೀಪ, ಕ್ಷೇತ್ರ, ದೇಶ, ಗಿರಿ, ಶ್ರೇಣಿ, ಪುರ ಎಂದು ಜೈನಪುರಾಣ ಕ್ರಮವಾಗಿ ಇಳಿದು ಬರುವಾಗ 'ರೂಢಿಯ ವರ್ಣನೆ' ಎಂದು ನಾವು ಪುಟ ಮಗುಚುತ್ತೇವೆ. ಅದು ವಿಳಾಸ. ಭರತದ ವಿಜಯಾರ್ಧದಲ್ಲಿ ದಕ್ಷಿಣಶ್ರೇಣಿಗೆ 50, ಉತ್ತರಶ್ರೇಣಿಗೆ 60 ಪುರಗಳಾದರೆ ವಿದೇಹದ ವಿಜಯಾರ್ಧಗಳಲ್ಲಿ ಎರಡಕ್ಕೂ 55 ಎಂದು ಗ್ರಂಥಕಾರರು ಬೇರೆ ಬೇರೆ ಎಣಿಸಿಟ್ಟಿದ್ದಾರೆ. ಇಷ್ಟು ಎಚ್ಚರ ವಹಿಸಿದವರನ್ನು ಅನವಧಾನಿಗಳೆನ್ನುವುದು ಸಲ್ಲದು.

ವಿಳಾಸದ ಮೊದಲ ಸಾಲನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಉತ್ತರಪುರಾಣದ ತ್ರಿಪೃಷ್ಠನ ಕಥೆಯನ್ನು ನೋಡಬಹುದು. ಅವನ ಪ್ರತಿಶತ್ರು ಅಶ್ವಗ್ರೀವನ ನಗರ ವಿಜಯಾರ್ಧದ ಉತ್ತರಶ್ರೇಣಿಯ ಅಲಕಾಪುರ. ಮಹಾಬಲನದೂ ವಿಜಯಾರ್ಧ, ಉತ್ತರಶ್ರೇಣಿ, ಅಲಕಾಪುರ. ಗಿರಿ, ಶ್ರೇಣಿ, ಪುರ ಮೂರೂ ಒಂದೇ. ಕ್ಷೇತ್ರ ಮಾತ್ರ ಬೇರೆ.