ಡಿ'ಸೋಜಾ ದಾಳಿಕೋರರೇ?

"ಗೋ ಆ್ಯಪ್‌ಗೆ ಭದ್ರತಾ ಏಜೆಂಟ್ ಹಾಕಿ, ಆದರೆ ಬಿಲ್ಡ್ ಮುಟ್ಟಬೇಡಿ" ಎನ್ನುವ ಮ್ಯಾನೇಜರುಗಳ ಹಟ ಸಾಕು. ಜಾವಾದಲ್ಲಿ ಪ್ರೋಗ್ರಾಮ್ ಓಡುತ್ತಿರುವಾಗಲೇ ಬೈಟ್‌ಕೋಡ್ ತಿದ್ದಬಹುದು. ಗೋದಲ್ಲಿ ಆ ಹೊತ್ತಿಗೆ ಉಳಿದಿರುವುದು ಬರೀ ಯಂತ್ರಭಾಷೆ. ಹೊರಗಿನಿಂದ ಯುರೆಟ್‌ಪ್ರೋಬ್ ಚುಚ್ಚಿದಿರೋ, ಗೊರೂಟೀನಿನ ಸ್ಟ್ಯಾಕ್ ಬೆಳೆದು ಜಾಗ ಬದಲಿಸಿದಾಗ ಪ್ರೋಗ್ರಾಮೇ ಬಿದ್ದುಹೋಗಬಹುದು.

ಹಾಗಾಗಿ ಏಜೆಂಟ್ ಎಚ್‌ಟಿಟಿಪಿ ಬಾಗಿಲಲ್ಲೇ ನಿಂತು, ಸಿಂಗಲ್ ಕೋಟ್ ಕಂಡಲ್ಲೆಲ್ಲ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕೂಗುತ್ತದೆ. ಪುಣೆಯ ನಮ್ಮ ಆಫೀಸಿನಲ್ಲಿ ಡಿ'ಸೋಜಾ ಎಂದು ಯಾರು ಹೆಸರು ತುಂಬಿದರೂ ಅಲರ್ಟ್! ನಮ್ಮ ಮಂಗಳೂರಿನಲ್ಲಿ ಎಷ್ಟು ಸಾವಿರ ದಾಳಿಕೋರರಿದ್ದಾರೋ. ಕೊನೆಗೆ ಎಲ್ಲರೂ ಅಲರ್ಟ್ ಮ್ಯೂಟ್ ಮಾಡಿದೆವು.

ಗೋ ಬಿಲ್ಡ್‌ನಲ್ಲೇ ಟೂಲ್‌ಎಕ್ಸೆಕ್ ಎಂಬ ಫ್ಲ್ಯಾಗ್ ಇದೆ. ಅದರಿಂದ ಕಂಪೈಲ್ ಹೊತ್ತಿಗೇ ಏಜೆಂಟನ್ನು ಡೇಟಾಬೇಸ್ ಕರೆಗಳೊಳಗೆ ಹೆಣೆಯಬಹುದು. ಆ ಕೋಟ್ ಪ್ಯಾರಾಮೀಟರ್ ಆಗಿ ಸುಮ್ಮನೆ ಹೋಯಿತೋ, ಕ್ವೆರಿಯ ರಚನೆಯನ್ನೇ ಮುರಿಯಿತೋ ಎಂಬುದು ಕಾಣುವುದು ಅಲ್ಲಿ ಮಾತ್ರ. ಬಿಲ್ಡ್ ನಿಧಾನವಾಗುತ್ತದೆಯೇ? ಆಗಲಿ.