ಪ್ರೀತಿ ಪುಸ್ತಕದ ಮೇಲೆ, ಕಣ್ಣು ರಿಯಾಯಿತಿಯ ಮೇಲೆ

ನಮ್ಮ ಮುಂಬಯಿ ಕನ್ನಡಿಗರಲ್ಲಿ ಪುಸ್ತಕಪ್ರೇಮಿಗಳಿಗೆ ಕೊರತೆಯಿಲ್ಲ. ಸಂಘದ ಯಾವುದೇ ಸಭೆಗೆ ಹೋಗಿ ನೋಡಿರಿ: ಹೊಸ ಪುಸ್ತಕದ ವಾಸನೆಯೆಂದರೆ ಜೀವ ಬಿಡುವವರು, ಒಳ್ಳೆಯ ಕಾದಂಬರಿ ಕೈಗೆ ಸಿಕ್ಕರೆ ಊಟ-ನಿದ್ದೆ ಬೇಡವೆನ್ನುವವರು, ಮಕ್ಕಳು ಕನ್ನಡ ಓದುವುದಿಲ್ಲವಲ್ಲ ಎಂದು ಮರುಗುವವರು, ಎಲ್ಲರೂ ಸಿಗುತ್ತಾರೆ. ಇವರ ಪ್ರೇಮ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದೇ ಪ್ರೇಮ ಪುಸ್ತಕದಂಗಡಿಯ ಹೊಸ್ತಿಲು ದಾಟಿ ಗಲ್ಲೆಯ ಮುಂದೆ ಬಂದು ನಿಂತಾಗ ಅದರ ಬಾಯಿಂದ ಹೊರಡುವ ಮೊದಲ ಮಾತು ಯಾವುದು? “ಎಷ್ಟು ಪರ್ಸೆಂಟ್ ಬಿಡ್ತೀರಿ?”

ಈ ಪರ್ಸೆಂಟು ಯಾರ ಜೇಬಿನಿಂದ ಬರುತ್ತದೆ ಎಂದು ಕೇಳುವವರು ಮಾತ್ರ ಅಪರೂಪ. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸೋಣ.

ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ, ಏಳನೆಯ ಇಯತ್ತೆಯ ಲೆಕ್ಕ ಸಾಕು. ಒಂದು ಪುಸ್ತಕದ ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರಕಾಶಕರು ಅಂಗಡಿಯವನಿಗೆ ಅದರಲ್ಲಿ ಮೂರನೆಯ ಒಂದು ಭಾಗ ಬಿಟ್ಟರೆಂದೂ ಇಟ್ಟುಕೊಳ್ಳಿ. ಅವನ ಪಾಲಿಗೆ ಬಂದದ್ದು 100 ರೂಪಾಯಿ. ನಮ್ಮ ಪ್ರೇಮಿಗಳು ಪಟ್ಟು ಹಿಡಿದು ಶೇಕಡಾ 20 ಬಿಡಿಸಿಕೊಂಡರೆ 60 ಹೋಯಿತು, ಉಳಿದದ್ದು 40. ಅಂಗಡಿಯಲ್ಲಿ ನಿಲ್ಲುವ ಒಬ್ಬನಿಗೆ ದಿನಕ್ಕೆ 600 ರೂಪಾಯಿ ಸಂಬಳವೆಂದು ಹಿಡಿದರೆ, ಮುಖಬೆಲೆಗೆ ಮಾರಿದಾಗ ಆ ಸಂಬಳ ಆರು ಪುಸ್ತಕಗಳಿಂದ ಹುಟ್ಟುತ್ತದೆ. ರಿಯಾಯಿತಿ ಕೊಟ್ಟಾಗ ಹದಿನೈದು ಪುಸ್ತಕ ಮಾರಬೇಕು. ಇದು ಒಬ್ಬನ ಸಂಬಳ ಮಾತ್ರ. ಬಾಡಿಗೆ, ದೀಪದ ಬಿಲ್ಲು, ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬರುವ ಪಾರ್ಸೆಲಿನ ಸಾಗಣೆ, ಮಾರಾಟವಾಗದೆ ಉಳಿದ ಪುಸ್ತಕಗಳಲ್ಲಿ ಸಿಕ್ಕಿಬಿದ್ದ ದುಡ್ಡು, ಇವೆಲ್ಲ ಬೇರೆ. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ನಿಜ. ಆದರೆ ಜಾಗದ ಮಾಲೀಕ ನೋಂದಾಯಿತನಾಗಿದ್ದರೆ ಅಂಗಡಿಯ ಬಾಡಿಗೆಗೆ ಶೇಕಡಾ 18 ತೆರಿಗೆಯುಂಟು. ಪುಸ್ತಕವನ್ನಷ್ಟೇ ಮಾರುವವನಿಗೆ ಅದನ್ನು ಬೇರೆ ತೆರಿಗೆಯಲ್ಲಿ ಕಳೆದುಕೊಳ್ಳುವ ದಾರಿಯಿಲ್ಲ.

ಹೀಗೆ ನಾಲ್ಕೂ ಕಡೆಯಿಂದ ಬಿಗಿದಾಗ ಅಂಗಡಿಯವನು ಯಾವುದನ್ನು ಕಡಿಮೆ ಮಾಡಬಲ್ಲ? ಬಾಡಿಗೆ ಅವನ ಕೈಯಲ್ಲಿಲ್ಲ, ಸಾಗಣೆಯೂ ಇಲ್ಲ. ಅವನ ಕೈಯಲ್ಲಿರುವುದು ಒಂದೇ, ಅಂಗಡಿಯಲ್ಲಿ ನಿಂತವನ ಸಂಬಳ. ಮೂವರಿದ್ದಲ್ಲಿ ಇಬ್ಬರಾಗುತ್ತಾರೆ, ಇಬ್ಬರಿದ್ದಲ್ಲಿ ಒಬ್ಬ. ಪ್ರೇಮಿಗಳು ಉಳಿಸಿದ 60 ರೂಪಾಯಿಯ ಊರು ಇದೇ.

ಈ ನಿಂತವನ ವಿಷಯದಲ್ಲಿ ನಮ್ಮವರಿಗೆ ಒಂದು ವಿಚಿತ್ರ ಭ್ರಮೆಯಿದೆ. “ಪುಸ್ತಕದಂಗಡಿಯಲ್ಲಿ ಕೆಲಸವೆ? ಏನು ಪುಣ್ಯ! ದಿನವಿಡೀ ಓದುತ್ತ ಕೂತಿರಬಹುದು” ಎನ್ನುತ್ತಾರೆ. ಓದುವುದು ಹಾಗಿರಲಿ, ಕೂರುವುದೆಲ್ಲಿ? ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ರಾತ್ರಿ ಎಳೆಯುವವರೆಗೆ ಆ ಮನುಷ್ಯ ಮಾಡುವ ಕೆಲಸವನ್ನು ನೋಡಿರಿ. ಪುಸ್ತಕದಷ್ಟು ಭಾರವಾದ ಸರಕು ಕಡಿಮೆ. ಪಾರ್ಸೆಲ್ ಇಳಿಸುವವನ ಸೊಂಟಕ್ಕೆ ಅದು ಗೊತ್ತು. ಕಟ್ಟು ಬಿಚ್ಚಿ, ಚಲನ್ ಹಿಡಿದು ಒಂದೊಂದೇ ಪ್ರತಿ ಎಣಿಸಬೇಕು. ಮೂಲೆ ಮಡಚಿದ್ದು, ಫಾರಮು ತಪ್ಪಿದ್ದು ಬೇರೆ ತೆಗೆದಿಡಬೇಕು. ಏಣಿ ಹತ್ತಿ ಮೇಲಿನ ಕಪಾಟಿಗೆ ಏರಿಸಬೇಕು, ಗಿರಾಕಿ ಕೇಳಿದರೆ ಮತ್ತೆ ಹತ್ತಿ ಇಳಿಸಬೇಕು. ಮುಂಬಯಿಯ ಮಳೆಗಾಲದಲ್ಲಿ ಗೋಡೆಯ ಥಂಡಿಗೆ ಪುಟಗಳು ಅಲೆಯೇಳದಂತೆ ಕಾಯಬೇಕು. ಬೇಸಿಗೆಯಲ್ಲಿ ಧೂಳು ಕೊಡವಬೇಕು. ಜೂನ್ ತಿಂಗಳು ಬಂತೆಂದರೆ ಶಾಲೆಯ ಪುಸ್ತಕಗಳ ನೂಕುನುಗ್ಗಲು. ವರ್ಷವಿಡೀ ಸಾಹಿತ್ಯದ ಕಪಾಟನ್ನು ಸಾಕುವುದು ಎಷ್ಟೋ ಕಡೆ ಈ ಒಂದು ತಿಂಗಳ ಗೈಡುಗಳೂ ನೋಟುಪುಸ್ತಕಗಳೂ ಎಂಬುದು ನಮ್ಮ ಸಾಹಿತ್ಯಾಭಿಮಾನಿಗಳಿಗೆ ಹೊಳೆಯುವುದಿಲ್ಲ.

ಇನ್ನು ಗಿರಾಕಿಗಳ ಪ್ರಶ್ನೆಗಳು. “ನೀಲಿ ರಟ್ಟಿನ ಪುಸ್ತಕ, ಲೇಖಕರ ಹೆಸರು ನೆನಪಿಲ್ಲ, ಹೋದ ತಿಂಗಳು ಪೇಪರಿನಲ್ಲಿ ಬಂದಿತ್ತು” ಎಂದರೆ ಅದನ್ನೂ ಹುಡುಕಿ ಕೊಡಬೇಕು. ಕೊಟ್ಟ ಮೇಲೆ ಅವರು ಪುಟ ಮಗುಚಿ, ಹಿಂಬದಿಯ ಬೆಲೆ ನೋಡಿ, ಜೇಬಿನಿಂದ ಮೊಬೈಲ್ ತೆಗೆದು ರಟ್ಟಿನ ಚಿತ್ರ ಹಿಡಿದುಕೊಂಡು, “ಆಮೇಲೆ ಬರ್ತೇನೆ” ಎಂದು ಹೋಗುತ್ತಾರೆ. ಆ ‘ಆಮೇಲೆ’ ಎಂದಿಗೂ ಬರುವುದಿಲ್ಲ. ಎರಡು ದಿನದ ಮೇಲೆ ಅದೇ ಪುಸ್ತಕ ಆನ್‌ಲೈನ್ ಕಂಪನಿಯ ಪೊಟ್ಟಣದಲ್ಲಿ ಅವರ ಮನೆಬಾಗಿಲಿಗೆ ಬರುತ್ತದೆ. ಹುಡುಕಿ ಕೊಟ್ಟವನ ವಿದ್ಯೆಗೆ ಇಲ್ಲಿ ಬೆಲೆ ಸೊನ್ನೆ.

ಆನ್‌ಲೈನ್ ಎಂದೊಡನೆ ನಮಗೆ ಸ್ವಲ್ಪ ಇತಿಹಾಸ ನೆನಪಾಗುತ್ತದೆ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು ಪುಸ್ತಕ ಮಾರುವುದಕ್ಕೆ. ಅಮೆಜಾನ್ 2013ರ ಜೂನ್‌ನಲ್ಲಿ ಭಾರತದಲ್ಲಿ ಅಂಗಡಿ ತೆರೆದದ್ದು ಪುಸ್ತಕ ಮತ್ತು ಸಿನಿಮಾಗಳಿಂದ. ಬಂಡವಾಳಗಾರರ ಹಣದ ಬಲದಿಂದ ನಷ್ಟವನ್ನು ವರ್ಷಗಟ್ಟಲೆ ನುಂಗಬಲ್ಲವರೊಡನೆ, ತಿಂಗಳ ಕೊನೆಗೆ ಬಾಡಿಗೆ ಕೊಡಬೇಕಾದ ಅಂಗಡಿಯವನು ರಿಯಾಯಿತಿಯಲ್ಲಿ ಪೈಪೋಟಿ ನಡೆಸಲಾರ. ಅಷ್ಟೇ ಅಲ್ಲ, ಅಂಗಡಿ ಮಾಯವಾದರೆ ನಿಲ್ಲುವ ಕಾಲುಗಳೂ ಮಾಯವಾದವೆಂದು ತಿಳಿಯಬಾರದು. ಅವು ಊರಾಚೆಯ ಗೋದಾಮಿನಲ್ಲಿ ಓಡಾಡುತ್ತಿವೆ. ಲಿಫ್ಟು ಕೆಟ್ಟ ನಮ್ಮ ಕಟ್ಟಡಗಳ ನಾಲ್ಕನೆಯ ಮಾಳಿಗೆಗೆ ಏರುತ್ತಿವೆ. ಮೊದಲು ನಾವು ಆ ಮನುಷ್ಯನ ಮುಖವನ್ನಾದರೂ ನೋಡುತ್ತಿದ್ದೆವು.

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ನಮಗೆ ಕುರ್ಚಿಯುಂಟು, 1985ರಿಂದ ವಾರಕ್ಕೆ ಐದೇ ದಿನದ ಕೆಲಸವುಂಟು, ಜನವರಿಗೊಮ್ಮೆ, ಜುಲೈಗೊಮ್ಮೆ ಏರುವ ತುಟ್ಟಿಭತ್ಯೆಯುಂಟು. 2020ರ ಜನವರಿಯಿಂದ ಹದಿನೆಂಟು ತಿಂಗಳು ಆ ಭತ್ಯೆಯ ಏರಿಕೆಯನ್ನು ತಡೆಹಿಡಿದಾಗ ನಮ್ಮ ಸಂಘಟನೆಗಳೆಲ್ಲ ಗುಡುಗಿದವು. ಸರಿಯಾಗಿಯೇ ಗುಡುಗಿದವು. ದುಡಿದವನಿಗೆ ಪೂರ್ತಿ ಸಿಗಬೇಕೆಂಬುದು ನಮ್ಮ ವಾದವಾಗಿತ್ತು. ಹಾಗಾದರೆ ಕೌಂಟರಿನ ಆಚೆ ನಿಂತವನು ದುಡಿಯುವವನಲ್ಲವೆ? ಅವನಿಗೆ ಬೆಲೆಯೇರಿಕೆ ತಟ್ಟುವುದಿಲ್ಲವೆ?

ಕೂರುವ ಹಕ್ಕಿಗೂ ಈ ದೇಶದಲ್ಲಿ ಹೋರಾಟ ಬೇಕಾಯಿತು. ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2018ರಲ್ಲಿ ಅಲ್ಲಿಯ ಕಾಯಿದೆ ತಿದ್ದುಪಡಿಯಾಗಿ, ಅಂಗಡಿಯ ನೌಕರರಿಗೆ ಆಸನ ಕೊಡಬೇಕೆಂದಾಯಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬಂದಾಗ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂಬ ಮಿತಿಯನ್ನು ಇಟ್ಟದ್ದು ಹತ್ತು ಮಂದಿಗೆ ಕಡಿಮೆಯಿಲ್ಲದ ಸಂಸ್ಥೆಗಳಿಗೆ. ಇಬ್ಬರೋ ಮೂವರೋ ಇರುವ ಪುಸ್ತಕದಂಗಡಿ ಆ ಲೆಕ್ಕದಲ್ಲೇ ಇಲ್ಲ. ಕಾಯಿದೆ ಕೈಬಿಟ್ಟಲ್ಲಿ ಗಿರಾಕಿಯ ಮರ್ಯಾದೆಯೊಂದೇ ಆಸರೆ.

ಅಂಗಡಿ ಮುಚ್ಚಿದ ದಿನ ಮಾತ್ರ ನಮ್ಮ ಪ್ರೇಮ ಉಕ್ಕಿ ಹರಿಯುತ್ತದೆ. ಟಿ.ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರಾಂಡ್ ಚಿತ್ರಮಂದಿರದಲ್ಲಿ ಸಣ್ಣದಾಗಿ ಆರಂಭಿಸಿ, ಕೋಟೆ ಭಾಗದಲ್ಲಿ ಬೆಳೆಸಿದ ಸ್ಟ್ರಾಂಡ್ ಬುಕ್ ಸ್ಟಾಲ್ 2018ರ ಫೆಬ್ರುವರಿಯಲ್ಲಿ ಬಾಗಿಲು ಮುಚ್ಚಿತು. ಟಿ.ಎಸ್. ಶಾನಭಾಗರು ಬೆಂಗಳೂರಿನಲ್ಲಿ 1971ರಲ್ಲಿ ತೆರೆದ ಪ್ರೀಮಿಯರ್ ಬುಕ್ ಶಾಪ್ 2009ರಲ್ಲೇ ಮುಚ್ಚಿತ್ತು. ಒಂದೊಂದಕ್ಕೂ ಅದರದರ ಕಾರಣವಿತ್ತು. ಎಲ್ಲವನ್ನೂ ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮುಚ್ಚಿದ ಮೇಲೆ ಹಾಡಿಹೊಗಳುವವರಲ್ಲಿ ಕೊನೆಯ ವರ್ಷ ಅಲ್ಲಿ ಪುಸ್ತಕ ಕೊಂಡವರೆಷ್ಟು ಮಂದಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸ್ಟ್ರಾಂಡ್ ರಿಯಾಯಿತಿಗೇ ಹೆಸರಾಗಿತ್ತಲ್ಲ ಎಂದು ಯಾರಾದರೂ ಹೇಳಬಹುದು. ಹೌದು, ಅಂಗಡಿಯವನು ತಾನಾಗಿ ಕೊಟ್ಟರೆ ಅದು ಅವನ ಔದಾರ್ಯ. ಗಿರಾಕಿ ಕತ್ತು ಹಿಡಿದು ಕೇಳಿದರೆ ಅದು ವಸೂಲಿ.

ಕನ್ನಡ ಪುಸ್ತಕ ಬದುಕಿದ್ದೇ ಮಾರುವವರ ಕಾಲಿನಿಂದ. ಗಳಗನಾಥರು (1869–1942) ತಾವೇ ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಂದು ಕೊಂಡ ಓದುಗರು ನಮಗಿಂತ ಸಿರಿವಂತರೇನೂ ಆಗಿರಲಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿ ಅದನ್ನು ನಡೆಸಿದ್ದು ಚಂದಾದಾರರ ಬಲದ ಮೇಲೆ. ಪುಸ್ತಕ ಕೈಗೆ ಬರುವ ಮೊದಲೇ ದುಡ್ಡು ಕಳಿಸುವ ಓದುಗರು ಅಂದು ಇದ್ದರು. ಇಂದು ಪುಸ್ತಕ ಕೈಗೆ ಬಂದ ಮೇಲೂ ದುಡ್ಡಿಗೆ ಕೈ ಹಿಂಜರಿಯುತ್ತದೆ.

ಹಿಂಜರಿಕೆಗೆ ನಮ್ಮ ಸಂಘಗಳ ಸಮಾರಂಭಗಳೇ ಸಾಕ್ಷಿ. ಪುಸ್ತಕ ಬಿಡುಗಡೆಯಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಸಭೆ ಮುಗಿದೊಡನೆ ಉಪ್ಪಿಟ್ಟು-ಕೇಸರಿಬಾತಿನ ಮುಂದೆ ಉದ್ದನೆಯ ಸಾಲು. ಪುಸ್ತಕದ ಮೇಜಿನ ಮುಂದೆ ಇಬ್ಬರೋ ಮೂವರೋ. ಆ ಮೇಜಿನ ಹಿಂದೆ ನಿಂತವನು ಎರಡು ಚೀಲ ಹೊತ್ತು ಲೋಕಲ್ ಗಾಡಿಯಲ್ಲಿ ನೇತಾಡುತ್ತ ಬಂದವನು. ಅವನಿಗೆ ತಿಂಡಿಯ ತಟ್ಟೆ ತಲುಪುವುದು ಎಲ್ಲರ ಕೊನೆಗೆ. “ಲೇಖಕರು ನಮ್ಮವರೇ, ಒಂದು ಗೌರವ ಪ್ರತಿ ಕೊಡಿ” ಎನ್ನುವ ಬಂಧುಗಳೂ ಅಲ್ಲಿಗೇ ಬರುತ್ತಾರೆ. ಇವರಿಗಿಂತ ಮುಂದುವರಿದವರು ವಾಟ್ಸಾಪಿನಲ್ಲಿ ಇಡೀ ಪುಸ್ತಕದ ಪಿಡಿಎಫ್ ಹಂಚಿ ಅದನ್ನು ಕನ್ನಡಸೇವೆ ಎಂದು ಕರೆಯುತ್ತಾರೆ. 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಲೇಖಕನ ಹಕ್ಕು ಅವನು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಮ್ಮವರು ಬದುಕಿರುವ ಲೇಖಕನನ್ನೂ ಬಿಡುವುದಿಲ್ಲ.

ನಮಗೆ ಎದುರಾಗುವ ಆಕ್ಷೇಪಗಳು ಗೊತ್ತು. ಮೊದಲನೆಯದು, ಪುಸ್ತಕ ತುಟ್ಟಿಯಾಗಿದೆ ಎಂಬುದು. ಓದುವ ಹುಡುಗನ, ಕೆಲಸ ಹೋದವನ ಬಾಯಿಂದ ಈ ಮಾತು ಬಂದರೆ ತಲೆಬಾಗುತ್ತೇವೆ. ಅವರಿಗಾಗಿ ಸಂಘದ ಗ್ರಂಥಾಲಯವಿದೆ, ಹಳೆಯ ಪುಸ್ತಕಗಳ ಫುಟ್‌ಪಾತ್ ಇದೆ. ಆದರೆ ಹೋಟೆಲಿನಲ್ಲಿ ನಾಲ್ವರ ಊಟಕ್ಕೆ ಚಕಾರವೆತ್ತದೆ ಬಿಲ್ಲು ಕೊಟ್ಟು, ಮೇಲೆ ಟಿಪ್ಸೂ ಇಟ್ಟು, ನೆಟ್ಟಗೆ ಪುಸ್ತಕದಂಗಡಿಗೆ ಬಂದು ಚೌಕಾಸಿ ಮಾಡುವವರ ಬಾಯಲ್ಲಿ ಅದು ಶೋಭಿಸುವುದಿಲ್ಲ.

ಎರಡನೆಯದು, ಅಂಗಡಿಯವರಿಗೆ ಪುಸ್ತಕದ ಜ್ಞಾನವಿಲ್ಲ ಎಂಬುದು. ಜ್ಞಾನವಿದ್ದವನು ಆ ಸಂಬಳಕ್ಕೆ ಎಷ್ಟು ವರ್ಷ ನಿಂತಾನು? ಬೇರೆ ಕಡೆ ನಾಲ್ಕು ಕಾಸು ಹೆಚ್ಚು ಸಿಕ್ಕ ದಿನ ಅವನು ಹೊರಟುಹೋಗುತ್ತಾನೆ, ಹತ್ತು ವರ್ಷದ ನೆನಪು ಅವನೊಡನೆ ಹೋಗುತ್ತದೆ.

ಮೂರನೆಯದು, ಹೊರನಾಡಿನಲ್ಲಿ ಕನ್ನಡ ಪುಸ್ತಕ ಸಿಗುವುದೇ ಕಷ್ಟ, ಆನ್‌ಲೈನ್ ಬಿಟ್ಟರೆ ಗತಿಯೇನು ಎಂಬುದು. ಇದರಲ್ಲಿ ಹುರುಳಿದೆ. ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ನಮ್ಮಂಥವರಿಗೆ ಪೆಟ್ಟು ಬಿದ್ದದ್ದು ನಿಜ. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಎಂಬ ಹೊಸ ಸೇವೆ ಬಂದಿದೆ. ಹತ್ತು ಮನೆಗಳು ಸೇರಿ ಪಟ್ಟಿ ಮಾಡಿ ಊರಿನ ಪ್ರಕಾಶಕರಿಗೋ ಅಂಗಡಿಗೋ ನೇರವಾಗಿ ಬರೆದರೆ ಸಾಗಣೆಯ ಖರ್ಚು ಹಂಚಿಹೋಗುತ್ತದೆ. ಗಣೇಶೋತ್ಸವಕ್ಕೆ ಮನೆಮನೆಯಿಂದ ಚಂದಾ ಎತ್ತಬಲ್ಲವರಿಗೆ ಇದೇನು ಮಹಾ ಕೆಲಸ?

ಬೇರೆ ದೇಶಗಳು ಇದನ್ನು ಕಾನೂನಿನಿಂದಲೇ ಬಗೆಹರಿಸಿವೆ. ಫ್ರಾನ್ಸಿನಲ್ಲಿ 1981ರ ಕಾಯಿದೆಯ ಪ್ರಕಾರ ಹೊಸ ಪುಸ್ತಕಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಆನ್‌ಲೈನ್ ಕಂಪನಿಗಳು ಪುಕ್ಕಟೆ ಸಾಗಣೆಯ ಉಪಾಯ ಹೂಡಿದಾಗ, 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಖರೀದಿಗೆ ಕನಿಷ್ಠ 3 ಯೂರೋ ಸಾಗಣೆ ದರವನ್ನೂ ಕಡ್ಡಾಯ ಮಾಡಿದರು. ನಮ್ಮಲ್ಲಿ ಪುಸ್ತಕದ ಮೇಲೆ ಗರಿಷ್ಠ ಬೆಲೆ ಅಚ್ಚಾಗುತ್ತದೆ. ಕನಿಷ್ಠ ಬೆಲೆಗೆ ಕಾವಲಿಲ್ಲ. ಆ ಕಾವಲನ್ನು ಸದ್ಯಕ್ಕೆ ಓದುಗರೇ ಕಾಯಬೇಕು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಎಲ್ಲಿ ಪುಟ ಮಗುಚಿದಿರೋ ಅಲ್ಲೇ ಕೊಳ್ಳಿರಿ. ಅಂಗಡಿಯವರು ತಾವಾಗಿ ಬಿಟ್ಟದ್ದನ್ನು ತೆಗೆದುಕೊಳ್ಳಿರಿ, ಅದಕ್ಕಿಂತ ಹೆಚ್ಚು ಕೇಳಬೇಡಿರಿ. ತೆಗೆದ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡಿರಿ. ಅಂಗಡಿಯ ಹುಡುಗನನ್ನು “ಏ” ಎಂದು ಕರೆಯುವ ಬದಲು ಹೆಸರು ಕೇಳಿ ಕರೆಯಿರಿ. ಸಂಘದ ಕಾರ್ಯಕಾರಿ ಸಮಿತಿಯವರು ವರ್ಷಕ್ಕೆ ಎರಡು ಸಲವಾದರೂ ಸಾಮೂಹಿಕ ಖರೀದಿಯ ಪಟ್ಟಿ ಮಾಡಲಿ, ಪೂರ್ತಿ ಬೆಲೆಗೆ. ಮುಂದಿನ ಸಮಾರಂಭದಲ್ಲಿ ಪುಸ್ತಕದ ಮೇಜಿನ ಹಿಂದೆ ಒಂದು ಕುರ್ಚಿ ಹಾಕಿಸಿ, ಅಲ್ಲಿರುವವನಿಗೆ ಮೊದಲ ತಟ್ಟೆ ಕೊಟ್ಟು, ಪುಸ್ತಕದ ಮೇಲೆ ಅಚ್ಚಾದ ಬೆಲೆಯನ್ನು ಎಣಿಸಿಡಲಿ. ಪುಸ್ತಕಪ್ರೇಮದ ಭಾಷಣಗಳನ್ನು ಅನಂತರ ಕೇಳೋಣ.